ಕಟಕಟ, ಗುಂಯ್, ಧಡ್: ಹಳೇ ಕಾರಿನ ಸದ್ದುಗಳ ಬಗ್ಗೆ ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಹತ್ತು, ಹದಿನೈದು, ಇಪ್ಪತ್ತು ವರ್ಷ ಓಡಿದ ಗಾಡಿಗಳದ್ದು. ದೂರು ಎಂಜಿನ್ನಿನ ಬಗ್ಗೆ ಅಲ್ಲ. ಅದರಿಂದಾಚೆ ಚಕ್ರದವರೆಗೆ ಶಕ್ತಿ ಸಾಗಿಸುವ ಕ್ಲಚ್, ಗೇರ್ ಬಾಕ್ಸ್, ಶಾಫ್ಟ್, ಡಿಫರೆನ್ಷಿಯಲ್, ಬೇರಿಂಗ್‌ಗಳ ಬಗ್ಗೆ. ಸದ್ದು ಹೇಗಿದೆ ಅನ್ನುವುದನ್ನು ಓದುಗರು ಬಹಳ ಚೆನ್ನಾಗಿ ಬಣ್ಣಿಸಿದ್ದೀರಿ. ಆದರೆ ನಮಗೂ ನಿಮ್ಮ ಮೆಕ್ಯಾನಿಕ್‌ಗೂ ಅದಕ್ಕಿಂತ ಹೆಚ್ಚು ಬೇಕಾಗಿರುವುದು ಸದ್ದು ಯಾವಾಗ ಶುರುವಾಗುತ್ತೆ, ಏನು ಮಾಡಿದರೆ ನಿಲ್ಲುತ್ತೆ ಅನ್ನುವುದು. ಆಕ್ಸಿಲರೇಟರ್ ಒತ್ತಿದಾಗಲೋ, ಬಿಟ್ಟಾಗಲೋ? ನೇರ ಹೋಗುವಾಗಲೋ, ತಿರುಗಿಸಿದಾಗಲೋ? ಕ್ಲಚ್ ಒತ್ತಿದರೆ ಏನಾಗುತ್ತೆ? ಇಷ್ಟು ಗೊತ್ತಾದರೆ ಗಾಡಿ ಬಿಚ್ಚುವ ಮೊದಲೇ ಅರ್ಧ ಕೆಲಸ ಮುಗಿದಂತೆ.

ಪ್ರಶ್ನೆ: ನಮ್ಮದು 2004ರ ಮಾರುತಿ 800. ಮನೆಯ ಗೇಟಿನೊಳಗೆ ತಿರುಗಿಸುವಾಗ ಮುಂದಿನಿಂದ ಕಟಕಟ ಅಂತ ಸದ್ದು ಬರುತ್ತೆ. ನೇರ ರಸ್ತೆಯಲ್ಲಿ ಏನೂ ಇಲ್ಲ. ಒಬ್ಬರು ಶಾಕ್ ಅಬ್ಸಾರ್ಬರ್ ಬದಲಿಸಿ ಅಂತಾರೆ, ಇನ್ನೊಬ್ಬರು ಆಕ್ಸಲ್ ಅಂತಾರೆ. ಯಾರ ಮಾತು ಕೇಳಲಿ? (ಓದುಗರೊಬ್ಬರು, ಶಿರಸಿ)

ಉತ್ತರ: ಆಕ್ಸಲ್ ಅಂದವರ ಮಾತೇ ಸರಿ ಇರುವ ಸಾಧ್ಯತೆ ಹೆಚ್ಚು. ಆದರೆ ದುಡ್ಡು ಕೊಡುವ ಮೊದಲು ನೀವೇ ಪರೀಕ್ಷೆ ಮಾಡಿ. ಖಾಲಿ ಮೈದಾನಕ್ಕೆ ಹೋಗಿ, ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ, ಫಸ್ಟ್ ಗೇರಿನಲ್ಲಿ ನಿಧಾನ ವೃತ್ತ ಹೊಡೆಯಿರಿ. ನಡುನಡುವೆ ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಬಿಡಿ. ಆಮೇಲೆ ಬಲಕ್ಕೆ ತಿರುಗಿಸಿ ಅದನ್ನೇ ಮಾಡಿ. ಒತ್ತಿದಾಗ ಕಟಕಟ ಜೋರಾಗಿ, ಬಿಟ್ಟಾಗ ಕಡಿಮೆಯಾದರೆ ಅದು ಚಕ್ರದ ಕಡೆಯ ಸಿ.ವಿ. ಜಾಯಿಂಟ್, ಅಂದರೆ ಚಕ್ರ ಓರೆಯಾದಾಗಲೂ ಶಕ್ತಿ ಸಾಗಿಸುವ, ಆಕ್ಸಲ್ ತುದಿಯ ಕೀಲು. ಗಾಡಿ ನಿಂತಿದ್ದಾಗಲೂ ಬರೀ ಸ್ಟೀರಿಂಗ್ ತಿರುಗಿಸಿದರೆ ಸದ್ದು ಬರುತ್ತೆ ಅಂತಾದರೆ ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟಿಂಗ್ ಅಥವಾ ಬಾಲ್ ಜಾಯಿಂಟ್ ಕಡೆ ನೋಡಬೇಕು.

ಸದ್ದಿನ ಲಯವೂ ಸುಳಿವು ಕೊಡುತ್ತೆ. 145/70 ಆರ್12 ಟೈರಿನ ಸುತ್ತಳತೆ ಸುಮಾರು 1.6 ಮೀಟರ್. ಗಂಟೆಗೆ 5 ಕಿ.ಮೀ. ವೇಗದಲ್ಲಿ, ಅಂದರೆ ಮನುಷ್ಯ ನಡೆಯುವ ವೇಗದಲ್ಲಿ, ಚಕ್ರ ನಿಮಿಷಕ್ಕೆ ಐವತ್ತು ಚಿಲ್ಲರೆ ಸುತ್ತು ಬರುತ್ತೆ. ಸೆಕೆಂಡಿಗೆ ಸುಮಾರು ಒಂದು ಸುತ್ತು ಅನ್ನಿ. ಜಾಯಿಂಟಿನೊಳಗೆ ಆರು ಉಕ್ಕಿನ ಗುಂಡುಗಳಿವೆ. ತಿರುವಿನಲ್ಲಿ ಅವು ಉದ್ದುದ್ದ ಕೊರೆದ ತಮ್ಮ ಹಾದಿಯಲ್ಲಿ ಹಿಂದೆ ಮುಂದೆ ಓಡಾಡಬೇಕು. ಹಾದಿ ಸವೆದು ಗುಳಿ ಬಿದ್ದಿದ್ದರೆ ಗುಂಡು ಆ ಗುಳಿ ದಾಟಿದಾಗಲೆಲ್ಲ ಟಕ್ ಅನ್ನುತ್ತೆ. ಒಂದೇ ಗುಳಿ ಇದ್ದರೆ ಸುತ್ತಿಗೊಂದು ಟಕ್. ಎಲ್ಲ ಹಾದಿಯೂ ಸವೆದಿದ್ದರೆ ಸೆಕೆಂಡಿಗೆ ಐದಾರು. ಆಗ ಕೇಳುವುದೇ ಕಟಕಟ.

ಎಡವೋ ಬಲವೋ ಅನ್ನುವುದನ್ನು ಬರೀ ಕಿವಿಯಿಂದ ತೀರ್ಮಾನಿಸಬೇಡಿ. ಸದ್ದು ಬಾಡಿಯ ತಗಡಿನಲ್ಲಿ ಸಾಗಿ ಮೋಸ ಮಾಡುತ್ತೆ. ಕೆಳಗೆ ಬಗ್ಗಿ, ಚಕ್ರದ ಹಿಂದಿರುವ ಕಪ್ಪು ರಬ್ಬರ್ ಬೂಟ್ ನೋಡಿ. ಮಡಿಕೆ ಮಡಿಕೆಯಾಗಿರುವ ಬೂಟನ್ನು ಬೆರಳಿನಿಂದ ಬಿಡಿಸಿ, ಮಡಿಕೆಯ ತಳದಲ್ಲಿ ಸೀಳು ಇದೆಯಾ ನೋಡಿ. ಸೀಳಿದ್ದರೆ ರಿಮ್ಮಿನ ಒಳಮೈ ಮೇಲೆ, ಸಸ್ಪೆನ್ಷನ್ ಕೈ ಮೇಲೆ ಕಪ್ಪು ಗ್ರೀಸ್ ಸುತ್ತಲೂ ಎರಚಿರುತ್ತೆ. ಮಲೆನಾಡಿನ ಕೆಸರು ನೀರು ಆ ಸೀಳಿನಿಂದ ಒಳಹೊಕ್ಕರೆ ಗ್ರೀಸ್ ಅರೆಯುವ ಹಿಟ್ಟಾಗಿಬಿಡುತ್ತೆ. ಸಾಮಾನ್ಯವಾಗಿ ಜಾಯಿಂಟ್ ಸಾಯುವುದು ವಯಸ್ಸಿನಿಂದಲ್ಲ, ಬೂಟ್ ಹರಿದದ್ದನ್ನು ಯಾರೂ ನೋಡದೆ ಇದ್ದುದರಿಂದ.

ಬೂಟ್ ಹರಿದು ಸ್ವಲ್ಪ ದಿನವಷ್ಟೇ ಆಗಿ, ಇನ್ನೂ ಸದ್ದು ಬಂದಿಲ್ಲವಾದರೆ ಜಾಯಿಂಟ್ ಬಿಚ್ಚಿ ತೊಳೆದು, ಒಣಗಿಸಿ, ಹೊಸ ಬೂಟ್ ಮತ್ತು ಗ್ರೀಸ್ ಹಾಕಿದರೆ ಸಾಕು. ನಿಮ್ಮದರಲ್ಲಿ ಸದ್ದು ಬಂದಾಗಿದೆ, ಜಾಯಿಂಟೇ ಬದಲಾಗಬೇಕು. ಮಾಡಿಸುವಾಗ ಈ ನಾಲ್ಕು ವಿಷಯ ಎದುರಿಗೆ ನಿಂತು ನೋಡಿ. ಆಕ್ಸಲ್ ನಟ್ ಸಡಿಲಿಸುವುದು ಗಾಡಿ ನೆಲದ ಮೇಲಿರುವಾಗ, ಜಾಕ್ ಮೇಲೆ ಎತ್ತಿ ಅಲ್ಲ. ಹಾಕುವ ಗ್ರೀಸ್ ಮಾಲಿಬ್ಡಿನಂ ಇರುವ ಕಪ್ಪು ಗ್ರೀಸೇ ಆಗಿರಬೇಕು, ಬೂಟ್ ಕಿಟ್ ಜೊತೆ ಬಂದ ಪೊಟ್ಟಣವನ್ನು ಪೂರ್ತಿ ಬಳಸಬೇಕು. ಅಂಗಡಿಯ ಡಬ್ಬದಲ್ಲಿರುವ ಸಾದಾ ಗ್ರೀಸ್ ಇಲ್ಲಿ ನಿಲ್ಲುವುದಿಲ್ಲ. ಕ್ಲಿಪ್ ಬಿಗಿಯುವ ಮೊದಲು ಬೂಟಿನ ಅಂಚು ಎತ್ತಿ ಒಳಗಿನ ಗಾಳಿ ಬಿಡಬೇಕು, ಇಲ್ಲದಿದ್ದರೆ ಅದು ಬಲೂನಿನಂತೆ ಉಬ್ಬಿಯೋ ಒಳಗೆ ಕುಗ್ಗಿಯೋ ಬೇಗ ಹರಿಯುತ್ತೆ. ನಾಲ್ಕನೆಯದು, ಆಕ್ಸಲ್ ನಟ್ ಹೊಸದೇ ಆಗಿರಲಿ, ಟಾರ್ಕ್ ರೆಂಚಿನಲ್ಲಿ ಬಿಗಿಯಲಿ, ಕೊನೆಗೆ ಅದರ ಅಂಚನ್ನು ಶಾಫ್ಟಿನಲ್ಲಿ ಕೊರೆದ ಸಂದಿಗೆ ತಟ್ಟಿ ಲಾಕ್ ಮಾಡಲಿ.

ಕಟಕಟ ಅನ್ನುವ ಜಾಯಿಂಟಿನಲ್ಲಿ ಕೆಲವು ವಾರ ಓಡಿಸಬಹುದು. ಆದರೆ ಒಳಗೆ ಗುಂಡುಗಳನ್ನು ಹಿಡಿದಿಡುವ ಕೇಜ್ ಮುರಿದರೆ ಎಂಜಿನ್ ಓಡುತ್ತೆ, ಗಾಡಿ ಓಡುವುದಿಲ್ಲ. ದೇವಿಮನೆ ಘಟ್ಟದ ನಡುವೆ ಹಾಗಾಗುವುದು ಬೇಡ.

ಪ್ರಶ್ನೆ: ತರಕಾರಿ ಸಾಗಿಸುವ ಓಮ್ನಿ. ನಿಧಾನ ಹೋಗುವಾಗ ಕೆಳಗಿನಿಂದ ಗುಬ್ಬಿ ಕೂಗಿದ ಹಾಗೆ ಚಿಂವ್ ಚಿಂವ್. ವೇಗ ಹೆಚ್ಚಾದರೆ ಕೇಳಿಸಲ್ಲ. ರಿವರ್ಸ್‌ನಿಂದ ಫಸ್ಟ್‌ಗೆ ಹಾಕಿ ಕ್ಲಚ್ ಬಿಟ್ಟರೆ ಟಣ್ ಅನ್ನುತ್ತೆ. (ಚಿಕ್ಕಬಳ್ಳಾಪುರ)

ಉತ್ತರ: ಈ ಎರಡೂ ಸದ್ದು ಒಟ್ಟಿಗೆ ಬಂದರೆ ಪ್ರೊಪೆಲ್ಲರ್ ಶಾಫ್ಟಿನ (ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಉದ್ದ ಶಾಫ್ಟ್) ಕ್ರಾಸ್ ಒಣಗಿ ಸವೆದಿದೆ ಅಂತ ಬಹುತೇಕ ಖಚಿತ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೆ, ಎಳೆಯುವುದು ಹಿಂದಿನ ಚಕ್ರ. ನಡುವಿನ ಶಾಫ್ಟ್ ರಸ್ತೆಯ ಏರಿಳಿತಕ್ಕೆ ಬಾಗಬೇಕು, ಆ ಬಾಗುವ ಕೆಲಸ ಕ್ರಾಸಿನದು. ಅದರ ನಾಲ್ಕು ತುದಿಗೆ ನಾಲ್ಕು ಕಪ್, ಪ್ರತಿ ಕಪ್ಪಿನ ಒಳಗೆ ಸೂಜಿಯಂಥ ರೋಲರ್‌ಗಳು. ಗ್ರೀಸ್ ಒಣಗಿದರೆ ಸೂಜಿಗಳು ತುಕ್ಕು ಹಿಡಿದು ಚಿಂವ್‌ಗುಟ್ಟುತ್ತವೆ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ನಾಲ್ಕೈದು ಸುತ್ತು ತಿರುಗಿರುತ್ತೆ, ಅದಕ್ಕೇ ಆ ಚಿಂವ್ ಸದ್ದು ಚಕ್ರದ ಲಯಕ್ಕಿಂತ ಚುರುಕಾಗಿರುತ್ತೆ. ವೇಗ ಹೆಚ್ಚಿದಾಗ ಅದು ನಿಂತಿಲ್ಲ, ಗಾಳಿ ಮತ್ತು ಎಂಜಿನ್ ಸದ್ದಿನಲ್ಲಿ ಮುಚ್ಚಿಹೋಗಿದೆ ಅಷ್ಟೆ.

ನೋಡುವುದು ಹೀಗೆ. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ಗೆ ಹಾಕಿ. ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದು ಕೈಯಲ್ಲಿ ಕ್ರಾಸಿನ ಆಚೆಗಿನ ಯೋಕ್ (ಕ್ರಾಸನ್ನು ಹಿಡಿದಿರುವ ಕವಲು) ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ. ಕ್ರಾಸಿನಲ್ಲಿ ಕಣ್ಣಿಗೆ ಕಾಣುವ ಪ್ಲೇ (ಸಡಿಲಾಟ) ಒಂಚೂರೂ ಇರಬಾರದು. ಕಪ್ಪಿನ ಸೀಲ್ ಸುತ್ತ ಇಟ್ಟಿಗೆ ಪುಡಿಯಂಥ ಕೆಂಪು ದೂಳು ಕಂಡರೆ ಬೇರೆ ಪರೀಕ್ಷೆಯೇ ಬೇಡ. ಅದು ಒಳಗಿನ ಸೂಜಿಗಳು ತುಕ್ಕಾಗಿ ಹೊರಬಂದ ಪುಡಿ.

ಗ್ರೀಸ್ ತುಂಬುವ ನಿಪ್ಪಲ್ ಇರುವ ಕ್ರಾಸ್ ಆದರೆ, ಪ್ಲೇ ಇಲ್ಲದೆ ಬರೀ ಚಿಂವ್ ಇದ್ದರೆ, ಗ್ರೀಸ್ ಗನ್ನಿನಿಂದ ನಾಲ್ಕೂ ಕಪ್ಪಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಹೊಡೆಸಿ. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ನಾಲ್ಕನೆಯದು ಒಣಗಿಯೇ ಉಳಿದಿದೆ ಅಂತ ಅರ್ಥ. ಟಣ್ ಸದ್ದು ಶುರುವಾದ ಮೇಲೆ ಗ್ರೀಸ್ ಹೊಡೆಸುವುದು ವ್ಯರ್ಥ, ಕ್ರಾಸ್ ಬದಲಿಸಿ.

ಬದಲಿಸುವಾಗ ಹೆಚ್ಚಿನವರು ತಪ್ಪುವುದು ಎರಡು ಕಡೆ. ಮೊದಲನೆಯದು ಗುರುತು. ಶಾಫ್ಟ್ ಇಳಿಸುವ ಮೊದಲು ಫ್ಲ್ಯಾಂಜ್ (ಶಾಫ್ಟನ್ನು ಬೋಲ್ಟ್ ಮಾಡುವ ತಟ್ಟೆ) ಮೇಲೂ ಯೋಕ್ ಮೇಲೂ ಬಿಳಿ ಪೇಂಟಿನಲ್ಲಿ ಒಂದೇ ಗೆರೆ ಎಳೆಯಬೇಕು. ಶಾಫ್ಟಿನ ಎರಡೂ ತುದಿಯ ಯೋಕ್‌ಗಳು ಒಂದೇ ಸಮತಲದಲ್ಲಿರಬೇಕು. ನಡುವೆ ಜಾರುವ ಹಲ್ಲುಗಳಿರುವ ಶಾಫ್ಟನ್ನು ಬಿಡಿಸಿ ಒಂದು ಹಲ್ಲು ಆಚೀಚೆ ಸೇರಿಸಿದರೆ, ಹೊಸ ಕ್ರಾಸ್ ಹಾಕಿದ ಮೇಲೂ ಇಡೀ ಗಾಡಿ ಗಡಗಡ ನಡುಗುತ್ತೆ, ಆಮೇಲೆ ಎಲ್ಲರೂ ಟೈರ್ ಬ್ಯಾಲೆನ್ಸ್ ಮಾಡಿಸುತ್ತಾ ಕೂರುತ್ತಾರೆ. ಎರಡನೆಯದು ಸೂಜಿ. ಕಪ್ ಒತ್ತುವಾಗ ಒಂದು ಸೂಜಿ ಉರುಳಿ ಕಪ್ಪಿನ ತಳಕ್ಕೆ ಅಡ್ಡ ಬಿದ್ದರೆ, ಕಪ್ ಪೂರ್ತಿ ಇಳಿಯುವುದಿಲ್ಲ, ಅದನ್ನು ಹಿಡಿದಿಡುವ ಸರ್ಕ್ಲಿಪ್ ತನಗಾಗಿ ಕೊರೆದ ಸಂದಿಯಲ್ಲಿ ಕೂರುವುದಿಲ್ಲ. ಆಗ ಸುತ್ತಿಗೆಯಿಂದ ಬಡಿದು ಕೂರಿಸಿದರೆ ಸೂಜಿ ಪುಡಿಯಾಗುತ್ತೆ. ಕಪ್ ಹೊರತೆಗೆದು, ಸೂಜಿಗಳನ್ನು ಗ್ರೀಸಿನಲ್ಲಿ ಅಂಟಿಸಿ ನಿಲ್ಲಿಸಿ, ವೈಸ್‌ನಲ್ಲಿ ನೇರ ಒತ್ತಬೇಕು. ಕೂರಿಸಿದ ಮೇಲೆ ಕ್ರಾಸ್ ಕೈಯಲ್ಲಿ ಎಲ್ಲ ಕಡೆಗೂ ಸಮನಾಗಿ ಆಡಬೇಕು. ಒಂದು ಕಡೆ ಸಿಕ್ಕಿಕೊಂಡಂತಿದ್ದರೆ ಯೋಕಿನ ಕಿವಿಗೆ ಮೆತ್ತಗೆ ತಟ್ಟಿದರೆ ಬಿಡುತ್ತೆ. ಶಾಫ್ಟ್ ಹೊರಗೆಳೆದಾಗ ಗೇರ್ ಬಾಕ್ಸ್ ಹಿಂಬದಿಯಿಂದ ಆಯಿಲ್ ಸುರಿದಿದ್ದರೆ ಅಷ್ಟನ್ನು ವಾಪಸ್ ತುಂಬಿಸುವುದು ಮರೆಯಬೇಡಿ.

ಲೋಡ್ ಹೊರುವ ಗಾಡಿ, ತಡ ಮಾಡಬೇಡಿ. ಮುಂದಿನ ಕ್ರಾಸ್ ತುಂಡಾದರೆ ಶಾಫ್ಟಿನ ಮುಂತುದಿ ರಸ್ತೆಗೆ ಬಿದ್ದು ನೆಲಕ್ಕೆ ಊರುತ್ತೆ. ಓಡುವ ಗಾಡಿಗೆ ಅದು ಬಹಳ ಅಪಾಯ.

ಪ್ರಶ್ನೆ: ರಿವರ್ಸ್ ಗೇರಿನಲ್ಲಿ ಮಾತ್ರ ಕುಂಯ್ ಅನ್ನುತ್ತೆ. ಗೇರ್ ಬಾಕ್ಸ್ ಹೋಗ್ತಿದೆಯಾ? (ತುಮಕೂರು)

ಉತ್ತರ: ಇಲ್ಲ. ಮುಂದಿನ ಗೇರುಗಳ ಹಲ್ಲು ಓರೆ, ಬಹುತೇಕ ಹಳೇ ಗಾಡಿಗಳಲ್ಲಿ ರಿವರ್ಸಿನ ಹಲ್ಲು ನೇರ. ನೇರ ಹಲ್ಲು ಕೂಗುವುದು ಸಹಜ. ಹಾಕುವಾಗ ಕರ‍್ರ್ ಅಂತ ಉಜ್ಜಿದರೆ ಮಾತ್ರ ಚಿಂತೆ. ಗಾಡಿ ಪೂರ್ತಿ ನಿಂತ ಮೇಲೆ ಕ್ಲಚ್ ಒತ್ತಿ ಎರಡು ಮೂರು ಸೆಕೆಂಡ್ ಬಿಟ್ಟು ಹಾಕಿ. ಆಗಲೂ ಉಜ್ಜಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅದರ ಅಡ್ಜಸ್ಟ್‌ಮೆಂಟ್ ನೋಡಿಸಿ.

ಪ್ರಶ್ನೆ: 2006ರ ಬೊಲೆರೊ, 1.9 ಲಕ್ಷ ಕಿ.ಮೀ. ಓಡಿದೆ. 60ರಿಂದ 75ರ ನಡುವೆ ಹಿಂದಿನಿಂದ ಊಳಿಡುವಂಥ ಸದ್ದು. ಆಕ್ಸಿಲರೇಟರ್ ಬಿಟ್ಟರೆ ತಟ್ಟನೆ ನಿಲ್ಲುತ್ತೆ. ಗೇರ್ ಬಾಕ್ಸ್ ಇಳಿಸಬೇಕು ಅಂತಿದ್ದಾರೆ. (ಸಕಲೇಶಪುರ)

ಉತ್ತರ: ಗೇರ್ ಬಾಕ್ಸ್ ಇಳಿಸಬೇಡಿ, ಈಗಲೇ ಬೇಡ. ನೀವು ಬರೆದ ಲಕ್ಷಣ ಡಿಫರೆನ್ಷಿಯಲ್ಲಿನದು, ಅಂದರೆ ಹಿಂದಿನ ಆಕ್ಸಲ್ ನಡುವಿನ ಗೇರ್ ಜೋಡಣೆಯದು.

ಯಾಕೆ ಅಂತ ಹೇಳುತ್ತೇವೆ. ಅದರ ಹೌಸಿಂಗಿನೊಳಗೆ ಶಾಫ್ಟಿನ ತುದಿಯ ಚಿಕ್ಕ ಗೇರ್, ಪಿನಿಯನ್, ದೊಡ್ಡ ಕ್ರೌನ್ ಗೇರನ್ನು ತಿರುಗಿಸುತ್ತೆ. ಆಕ್ಸಿಲರೇಟರ್ ಒತ್ತಿದಾಗ ಹಲ್ಲಿನ ಒಂದು ಮುಖ ಕೆಲಸ ಮಾಡುತ್ತೆ. ಬಿಟ್ಟಾಗ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತೆ, ಆಗ ಹಲ್ಲಿನ ಬೆನ್ನು ಕಡೆಯ ಮುಖಕ್ಕೆ ಭಾರ. ಒತ್ತಿದಾಗ ಕೂಗಿ ಬಿಟ್ಟಾಗ ನಿಲ್ಲುವುದೆಂದರೆ ಎಳೆಯುವ ಮುಖ ಸವೆದಿದೆ. ಬಿಟ್ಟಾಗ ಮಾತ್ರ ಕೂಗಿದರೆ ಪಿನಿಯನ್ ಬೇರಿಂಗ್ ಸಡಿಲವಾಗಿರುವ ಅನುಮಾನ ಮೊದಲು ಬರಬೇಕು. ಒತ್ತಿದರೂ ಬಿಟ್ಟರೂ ಒಂದೇ ಸಮ ಗೊರಗೊರ ಅಂದರೆ ಬೇರಿಂಗ್. ನೇರ ಹೋದಾಗ ಸುಮ್ಮನಿದ್ದು ತಿರುವಿನಲ್ಲಿ ಮಾತ್ರ ಸದ್ದಾದರೆ ಒಳಗಿನ ಸ್ಟಾರ್ ಪಿನಿಯನ್, ಯಾಕೆಂದರೆ ಅವು ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗುವಾಗ ಮಾತ್ರ ಕೆಲಸ ಮಾಡುತ್ತವೆ.

ಗೇರ್ ಬಾಕ್ಸನ್ನು ಅನುಮಾನದಿಂದ ಹೊರಗಿಡಲು ಒಂದು ಸುಲಭ ದಾರಿ. ಹಿಂದಿನ ಚಕ್ರ ಎಳೆಯುವ ಐದು ಗೇರಿನ ಗಾಡಿಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯದು ಡೈರೆಕ್ಟ್ ಗೇರ್, ಅಲ್ಲಿ ಲೇ ಶಾಫ್ಟಿಗೆ (ಗೇರ್ ಬಾಕ್ಸಿನೊಳಗಿನ ಪಕ್ಕದ ಶಾಫ್ಟ್) ಭಾರವೇ ಇಲ್ಲ. ಅದೇ 65ರ ವೇಗವನ್ನು ಮೂರರಲ್ಲೂ ನಾಲ್ಕರಲ್ಲೂ ಐದರಲ್ಲೂ ಹಿಡಿದು ನೋಡಿ. ಎಂಜಿನ್ ಸುತ್ತು ಬದಲಾದರೂ ಊಳು ಒಂದೇ ವೇಗಕ್ಕೆ ಒಂದೇ ಶ್ರುತಿಯಲ್ಲಿ ಬಂದರೆ ಅದು ಗೇರ್ ಬಾಕ್ಸ್ ದಾಟಿದ ಮೇಲಿನದು.

ಈಗ ಬಿಚ್ಚದೆ ಮಾಡಬೇಕಾದ್ದು. ಗಾಡಿ ಸಮನೆಲದಲ್ಲಿರಲಿ, ಹೌಸಿಂಗಿನ ನಡುವಿನ ಲೆವೆಲ್ ಪ್ಲಗ್ ಬಿಚ್ಚಿ ಬೆರಳಿನ ತುದಿ ಮಡಚಿ ಒಳಗಿಡಿ. ಆಯಿಲ್ ತೂತಿನ ಕೆಳ ಅಂಚಿಗೆ ಸಿಗಬೇಕು. ಸಿಗಲಿಲ್ಲವಾದರೆ ಎಲ್ಲಿ ಹೋಯಿತು ಹುಡುಕಿ: ಪಿನಿಯನ್ ಸೀಲಿನ ಮುಂದೆ ಒದ್ದೆ, ಅಥವಾ ಹಿಂದಿನ ಬ್ರೇಕ್ ಡ್ರಮ್ಮಿನ ಒಳಗಿನಿಂದ ಜಿನುಗಿದ ಕಲೆ. ಆಕ್ಸಲ್ ಮೇಲಿರುವ ಪುಟ್ಟ ಬ್ರೀದರ್ ಮಣ್ಣಿನಿಂದ ಮುಚ್ಚಿದೆಯೇ ಅಂತ ನೋಡಲೇಬೇಕು. ಆಯಿಲ್ ಬಿಸಿಯಾಗಿ ಒಳಗೆ ಒತ್ತಡ ಏರಿದಾಗ ಹೊರಹೋಗಲು ದಾರಿ ಇಲ್ಲದೆ ಒಳ್ಳೆಯ ಸೀಲನ್ನೂ ದಾಟಿ ಆಯಿಲ್ ಬರುತ್ತೆ. ಎರಡು ಸಲ ಸೀಲ್ ಬದಲಿಸಿ, ಮೂರನೆಯ ಸಲವೂ ಸೋರುವ ಗಾಡಿಗಳಲ್ಲಿ ಬ್ರೀದರನ್ನು ಯಾರೂ ತಿರುಗಿ ನೋಡಿರುವುದಿಲ್ಲ. ಆಯಿಲ್ ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಅಥವಾ ಇಪಿ-90. ಡಿಫರೆನ್ಷಿಯಲ್ಲಿನ ಹಲ್ಲುಗಳು ಉರುಳುವುದರ ಜೊತೆ ಒಂದರ ಮೇಲೊಂದು ಜಾರುತ್ತವೆ, ಅದಕ್ಕಿಂತ ಕೆಳದರ್ಜೆಯ ಆಯಿಲ್ ಆ ಒತ್ತಡ ತಡೆಯುವುದಿಲ್ಲ.

ಹಲ್ಲು ಸವೆದು ಊಳಿಡಲು ಶುರುವಾದ ಮೇಲೆ ಹೊಸ ಆಯಿಲ್ ಅದನ್ನು ಸರಿಮಾಡುವುದಿಲ್ಲ, ಸವೆತ ನಿಧಾನವಾಗುತ್ತೆ ಅಷ್ಟೆ. ಲೆವೆಲ್ ಸರಿಯಿಟ್ಟುಕೊಂಡು, ಲೋಡ್ ಕಡಿಮೆ ಮಾಡಿ, ಊಳು ಹೆಚ್ಚುತ್ತಿದೆಯಾ ಅಂತ ನೋಡುತ್ತಾ ಓಡಿಸುವುದು ಒಂದು ದಾರಿ. ಅದರಲ್ಲಿ ತಪ್ಪೇನಿಲ್ಲ, ಹೀಗೆ ವರ್ಷಗಟ್ಟಲೆ ಓಡುವ ಗಾಡಿಗಳಿವೆ. ಆದರೆ ಊಳಿನ ಜೊತೆ ಗೊರಗೊರ ಸೇರಿದರೆ ತಕ್ಷಣ ಬಿಚ್ಚಿಸಿ.

ಬಿಚ್ಚಿಸಿದರೆ ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಬದಲಾಗಬೇಕು. ಕಾರ್ಖಾನೆಯಲ್ಲಿ ಅವೆರಡನ್ನೂ ಒಟ್ಟಿಗೆ ಉಜ್ಜಿ ಹೊಂದಿಸಿರುತ್ತಾರೆ, ಎರಡರ ಮೇಲೂ ಒಂದೇ ಜೋಡಿ ನಂಬರ್ ಕೆತ್ತಿರುತ್ತೆ. ಒಂದು ಹೊಸದು ಒಂದು ಹಳೆಯದು ಹಾಕಿದರೆ ಮೊದಲಿಗಿಂತ ಜೋರಾಗಿ ಕೂಗುತ್ತೆ. ಹಲ್ಲಿನ ಸಂದು, ಮೆಕ್ಯಾನಿಕ್‌ಗಳು ಬ್ಯಾಕ್‌ಲ್ಯಾಷ್ ಅನ್ನುವುದು, ಈ ಗಾತ್ರದ ಆಕ್ಸಲ್‌ಗಳಲ್ಲಿ ಸಾಮಾನ್ಯವಾಗಿ 0.10ರಿಂದ 0.20 ಮಿ.ಮೀ. ನಿಮ್ಮ ಮಾದರಿಯ ಮ್ಯಾನ್ಯುಯಲ್‌ನಲ್ಲಿರುವ ಅಳತೆಯೇ ಕೊನೆಯ ಮಾತು. ಇದನ್ನು ಅಳೆಯಲು ಡಯಲ್ ಗೇಜ್ ಬೇಕು. ಕೈಯಲ್ಲಿ ಅಲ್ಲಾಡಿಸಿ "ಸರಿ ಇದೆ" ಅನ್ನುವ ಜಾಗದಲ್ಲಿ ಈ ಕೆಲಸ ಕೊಡಬೇಡಿ. ನಾಲ್ಕೈದು ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಅಚ್ಚು ಹಲ್ಲಿನ ನಡುವೆ ಬಿದ್ದಿದೆಯೇ ಅಂತ ನಿಮಗೆ ತೋರಿಸಲಿ. ಅಚ್ಚು ಅಂಚಿಗೆ ಸರಿದಿದ್ದರೆ ಶಿಮ್ (ಸಂದು ಹೊಂದಿಸುವ ತೆಳು ಬಿಲ್ಲೆ) ಬದಲಿಸಿ ಮತ್ತೆ ನೋಡಬೇಕು. ಪಿನಿಯನ್ ಬೇರಿಂಗ್‌ಗಳ ನಡುವೆ, ನಟ್ ಬಿಗಿದಾಗ ಕುಗ್ಗುವ ಸ್ಲೀವ್ ಇರುವ ಆಕ್ಸಲ್ ಆದರೆ ಆ ಸ್ಲೀವ್ ಒಂದೇ ಬಳಕೆಯದು. ಬಿಚ್ಚಿದ ಮೇಲೆ ಹೊಸದು ಹಾಕದೆ ಪಿನಿಯನ್ ನಟ್ಟನ್ನು ಬಲವಾಗಿ ಬಿಗಿದರೆ ಹೊಸ ಬೇರಿಂಗ್ ಕೆಲವೇ ದಿನದಲ್ಲಿ ಸುಟ್ಟುಹೋಗುತ್ತೆ.

ಪ್ರಶ್ನೆ: 2008ರ ಆಲ್ಟೊ. 50 ದಾಟಿದರೆ ವಿಮಾನ ಬಂದಂತೆ ಹೂಂ ಅನ್ನುತ್ತೆ. ಹೋದ ತಿಂಗಳು ಎರಡು ಟೈರ್ ಹಿಂದೆ ಮುಂದೆ ಬದಲಿಸಿದೆವು. ಟೈರ್ ದೋಷವೋ ಬೇರಿಂಗ್ ದೋಷವೋ? (ಮಂಗಳೂರು)

ಉತ್ತರ: ಬದಲಿಸಿದ ಮೇಲೆ ಸದ್ದಿನ ಜಾಗ ಬದಲಾಯಿತೇ ಅಂತ ಬರೆದಿಲ್ಲ. ಮುಂದಿದ್ದ ಹೂಂ ಹಿಂದಕ್ಕೆ ಹೋಗಿದ್ದರೆ ಟೈರ್. ಇದ್ದಲ್ಲೇ ಇದ್ದರೆ ಬೇರಿಂಗ್ ಕಡೆ ನೋಡಿ.

ಕಾಂಕ್ರೀಟ್ ರಸ್ತೆಯಿಂದ ಹೊಸ ಡಾಂಬರಿಗೆ ಇಳಿದಾಗ ಸದ್ದು ಪಕ್ಕನೆ ಬದಲಾದರೆ ಅದೂ ಟೈರಿನ ಗುರುತು. ಅಂಗೈಯನ್ನು ಟೈರಿನ ಮೇಲೆ ಒಂದು ದಿಕ್ಕಿಗೆ ಸವರಿ, ಮತ್ತೆ ಎದುರು ದಿಕ್ಕಿಗೆ ಸವರಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದಂತೆ ಕೈಗೆ ಚುಚ್ಚಿದರೆ ಅಲೈನ್‌ಮೆಂಟ್ ತಪ್ಪಿ ಟೈರ್ ಓರೆಯಾಗಿ ಸವೆದಿದೆ.

ಬೇರಿಂಗ್ ಪರೀಕ್ಷೆಗೆ, ಹಿಂದೆ ಮುಂದೆ ವಾಹನ ಇಲ್ಲದ ಅಗಲ ರಸ್ತೆಯಲ್ಲಿ 50–60ರಲ್ಲಿ ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ, ಮೆಲ್ಲಗೆ ಬಲಕ್ಕೆ ಓಲಾಡಿಸಿ. ಎಡಕ್ಕೆ ತಿರುಗಿಸಿದಾಗ ಗಾಡಿಯ ಭಾರ ಬಲಕ್ಕೆ ಹೋಗುತ್ತೆ. ಆಗ ಹೂಂ ಹೆಚ್ಚಾದರೆ ಬಲಗಡೆ ಬೇರಿಂಗ್, ಬಲಕ್ಕೆ ತಿರುಗಿಸಿದಾಗ ಹೆಚ್ಚಾದರೆ ಎಡಗಡೆಯದು. ಕ್ಲಚ್ ಒತ್ತಿ ಎಂಜಿನ್ ಐಡಲಿಗೆ ಇಳಿದರೂ ಹೂಂ ಹಾಗೇ ಇರಬೇಕು. ಈ ಪರೀಕ್ಷೆಗೆ ಕೀ ತಿರುಗಿಸಿ ಎಂಜಿನ್ ಆಫ್ ಮಾಡಲೇಬೇಡಿ. ಬ್ರೇಕ್ ಗಟ್ಟಿಯಾಗುತ್ತೆ, ಸ್ಟೀರಿಂಗ್ ಲಾಕ್ ಆದರೆ ಮುಗಿಯಿತು.

ಮನೆಯಲ್ಲಿ ಇನ್ನೊಂದು ಸಲ ಖಚಿತ ಮಾಡಿಕೊಳ್ಳಿ. ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಬೇಡಿ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈ ಕಾಯಿಲ್ ಸ್ಪ್ರಿಂಗ್ ಮೇಲಿಡಿ. ಕೆಟ್ಟ ಬೇರಿಂಗ್ ಆದರೆ ಮರಳು ಅರೆದಂಥ ನಡುಕ ಸ್ಪ್ರಿಂಗಿನಲ್ಲಿ ಬೆರಳಿಗೆ ಸಿಗುತ್ತೆ. ಕಿವಿಗೆ ಕೇಳದ್ದು ಬೆರಳಿಗೆ ತಿಳಿಯುತ್ತೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಪ್ಲೇ ಕಂಡರೆ ಆ ಗಾಡಿಯನ್ನು ಅಲ್ಲಿಂದ ಮೆಕ್ಯಾನಿಕ್‌ವರೆಗೆ ಮಾತ್ರ ಓಡಿಸಿ.

ಮಂಗಳೂರಿನ ಮಳೆಗಾಲದಲ್ಲಿ ಚಕ್ರದ ನಡುವಿನವರೆಗೆ ನಿಂತ ನೀರಿನಲ್ಲಿ ಓಡಿಸಿದ ಕೆಲವು ತಿಂಗಳಿಗೆ ಈ ಸದ್ದು ಶುರುವಾಗುವುದು ಸಾಮಾನ್ಯ. ಬಿಸಿ ಬೇರಿಂಗ್ ತಣ್ಣೀರಿಗೆ ಬಿದ್ದಾಗ ಸೀಲಿನ ಸಂದಿನಿಂದ ನೀರು ಎಳೆದುಕೊಳ್ಳುತ್ತೆ. ಹೊಸ ಬೇರಿಂಗನ್ನು ಪ್ರೆಸ್‌ನಲ್ಲೇ ಕೂರಿಸಲಿ. ನಕಲ್‌ನೊಳಗೆ (ಚಕ್ರದ ಬೇರಿಂಗ್ ಕೂರುವ ಲೋಹದ ಭಾಗ) ಒತ್ತುವಾಗ ಭಾರ ಬೇರಿಂಗಿನ ಹೊರ ರಿಂಗಿನ ಮೇಲೆ ಬೀಳಬೇಕು. ಒಳ ರಿಂಗ್ ಒತ್ತಿದರೆ ಗುಂಡುಗಳ ಮೂಲಕ ಭಾರ ಹೋಗಿ ಹೊಚ್ಚ ಹೊಸ ಬೇರಿಂಗಿನಲ್ಲೇ ಗುಳಿ ಬೀಳುತ್ತೆ, ತಿಂಗಳಲ್ಲಿ ಅದೇ ಹೂಂ ವಾಪಸ್.

ಪ್ರಶ್ನೆ: 2003ರ ಸ್ಯಾಂಟ್ರೊ. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ನಲ್ಲಿ ನಿಂತಾಗ ಗರಗರ ಸದ್ದು, ಕ್ಲಚ್ ಒತ್ತಿದರೆ ನಿಲ್ಲುತ್ತೆ. ಕ್ಲಚ್ ಸೆಟ್ ಬದಲಿಸಲು ಹೇಳಿದ್ದಾರೆ. (ಬೆಂಗಳೂರು)

ಉತ್ತರ: ಕ್ಲಚ್ ಸೆಟ್ ಹಾಕಿಸಿಯೂ ಸದ್ದು ಹಾಗೇ ಉಳಿಯಬಹುದು, ಸ್ವಲ್ಪ ತಾಳಿ. ಕ್ಲಚ್ ಬಿಟ್ಟಾಗ ನ್ಯೂಟ್ರಲ್‌ನಲ್ಲೂ ಎಂಜಿನ್ ಶಕ್ತಿಯನ್ನು ಒಳತರುವ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ತಿರುಗುತ್ತಿರುತ್ತೆ. ಒತ್ತಿದಾಗ ಅದು ನಿಲ್ಲುತ್ತೆ, ಜೊತೆಗೆ ಸದ್ದೂ ನಿಂತರೆ ಅನುಮಾನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ. ಇದಕ್ಕೆ ಉಲ್ಟಾ, ಬಿಟ್ಟಾಗ ಸುಮ್ಮನಿದ್ದು ಒತ್ತಿದಾಗ ಮಾತ್ರ ಕಿರ‍್ರ್ ಅಂದರೆ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್, ಆಗ ಕ್ಲಚ್ ಸೆಟ್ ಮಾತು ಸರಿ.

ಮೊದಲು ಖರ್ಚಿಲ್ಲದ್ದು ಎರಡು ನೋಡಿ. ಗೇರ್ ಆಯಿಲ್ ಲೆವೆಲ್: ಡ್ರೈವ್ ಶಾಫ್ಟ್ ಸೀಲಿನಿಂದ ವರ್ಷಗಟ್ಟಲೆ ಜಿನುಗಿ ಅರ್ಧಕ್ಕೆ ಇಳಿದಿರಬಹುದು. ಐಡಲ್: ಎ.ಸಿ. ಹಾಕಿದಾಗ ಎಂಜಿನ್ ಕುಂಟುತ್ತಿದ್ದರೆ ಗೇರಿನ ಹಲ್ಲುಗಳು ಒಂದಕ್ಕೊಂದು ತಟ್ಟಿ ಇದೇ ಗರಗರ ಬರುತ್ತೆ. ಆಕ್ಸಿಲರೇಟರ್ ಕೂದಲೆಳೆಯಷ್ಟು ಒತ್ತಿದಾಗ ಪೂರ್ತಿ ಮಾಯವಾದರೆ ಮೊದಲು ಐಡಲ್ ಸರಿಮಾಡಿಸಿ. ಸುತ್ತು ಏರಿದಂತೆ ಸದ್ದಿನ ಶ್ರುತಿಯೂ ಏರಿದರೆ ಬೇರಿಂಗೇ.

ಹೇಗಿದ್ದರೂ ಗೇರ್ ಬಾಕ್ಸ್ ಇಳಿಸಿದಾಗ ಬೇರಿಂಗ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಹಿಂದಿನ ಕ್ರ್ಯಾಂಕ್ ಸೀಲ್ ಎಲ್ಲವನ್ನೂ ಒಟ್ಟಿಗೆ ನೋಡಿಸಿ. ಇಳಿಸಿ ಏರಿಸುವ ಕೂಲಿಯನ್ನು ಎರಡು ಸಲ ಕೊಡುವುದು ಬೇಡ.

ಪ್ರಶ್ನೆ: ತಂದೆಯವರ ಅಂಬಾಸಡರ್ ಉಳಿಸಿಕೊಂಡಿದ್ದೇನೆ. ಗಾಡಿ ಹೊರಡುವಾಗ ಹಿಂದೆ ಧಡ್. ಕ್ರಾಸ್ ಎರಡೂ ಬದಲಿಸಿದೆ, ಸದ್ದು ಅರ್ಧ ಉಳಿದಿದೆ. (ಮೈಸೂರು)

ಉತ್ತರ: ಅರ್ಧ ಕಡಿಮೆಯಾಗಿದೆಯಲ್ಲ, ದಾರಿ ಸರಿಯಾಗಿಯೇ ಇದೆ. ಇಷ್ಟು ಹಳೇ ಗಾಡಿಯಲ್ಲಿ ಒಂದೇ ಕಡೆ ದೊಡ್ಡ ಪ್ಲೇ ಇರುವುದಿಲ್ಲ, ನಾಲ್ಕು ಕಡೆ ಚೂರುಚೂರು ಸೇರಿ ಒಂದು ಧಡ್ ಆಗುತ್ತೆ. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಶಾಫ್ಟನ್ನು ಕೈಯಿಂದ ಆಚೀಚೆ ತಿರುಗಿಸಿ. ಈಗ ಕಾಣುವುದು ಡಿಫರೆನ್ಷಿಯಲ್ ಮತ್ತು ಆಕ್ಸಲ್ ಹಲ್ಲುಗಳ ಪ್ಲೇ. ಶಾಫ್ಟಿನ ಮೇಲೊಂದು ಸೀಮೆಸುಣ್ಣದ ಗುರುತು ಮಾಡಿ ಅದು ಎಷ್ಟು ಸರಿಯುತ್ತೆ ಬರೆದಿಟ್ಟುಕೊಳ್ಳಿ, ಆರು ತಿಂಗಳಿಗೆ ಹೋಲಿಸಬಹುದು. ಆಮೇಲೆ ಲೀಫ್ ಸ್ಪ್ರಿಂಗನ್ನು ಆಕ್ಸಲ್ಲಿಗೆ ಕಟ್ಟಿರುವ ಯು-ಬೋಲ್ಟ್‌ಗಳನ್ನು ನೋಡಿ. ಅವು ಸಡಿಲವಿದ್ದರೆ ಹೊರಡುವಾಗ ಇಡೀ ಆಕ್ಸಲ್ ಹೊರಳಿ ಧಡ್ ಅನ್ನುತ್ತೆ, ಪ್ಯಾಡಿನ ಸುತ್ತ ತುಕ್ಕಿನ ಹೊಳಪು ಗೆರೆ ಕಾಣುತ್ತೆ. ಸ್ಪ್ರಿಂಗಿನ ಶ್ಯಾಕಲ್ ಬುಷ್, ಗೇರ್ ಬಾಕ್ಸ್ ಮೌಂಟಿಂಗ್ ರಬ್ಬರ್ ಕೊನೆಗೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಡರ್ ತಯಾರಿಕೆ ನಿಂತದ್ದು 2014ರಲ್ಲಿ. ಬುಷ್, ಮೌಂಟಿಂಗ್‌ಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಹಳೇ ಅಂಗಡಿಗಳಲ್ಲಿ ವಿಚಾರಿಸಿ, ಹಳೆಯ ತುಂಡನ್ನು ಕೈಯಲ್ಲೇ ಒಯ್ದು ಹೋಲಿಸಿ ತನ್ನಿ. ಸಿಕ್ಕಾಗ ಎರಡು ಜೊತೆ ತೆಗೆದಿಡಿ.

ಪ್ರಶ್ನೆ: ಗೇರ್ ಬಾಕ್ಸಿಗೆ ದಪ್ಪ ಆಯಿಲ್ ಹಾಕಿದರೆ ಸದ್ದು ಹೋಗುತ್ತೆ ಅಂತಾರೆ, ನಿಜವೇ? ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವನಿದ್ದೇನೆ. (ದಾವಣಗೆರೆ)

ಉತ್ತರ: ಸದ್ದು ಅಡಗುತ್ತೆ, ಕಾಯಿಲೆ ಹೋಗುವುದಿಲ್ಲ. ದಪ್ಪ ಆಯಿಲ್ ಬೆಳಗಿನ ಚಳಿಯಲ್ಲಿ ಗೇರ್ ಗಟ್ಟಿ ಮಾಡುತ್ತೆ, ಸಣ್ಣ ಸಂದುಗಳಿಗೆ ಹೋಗುವುದೇ ಇಲ್ಲ. ಡಿಫರೆನ್ಷಿಯಲ್ಲಿನ ಜಿಎಲ್-5 ಆಯಿಲನ್ನು ಜಿಎಲ್-4 ಕೇಳುವ ಗೇರ್ ಬಾಕ್ಸಿಗೂ ಹಾಕುವವರಿದ್ದಾರೆ. ಅದರಲ್ಲಿರುವ ಗಂಧಕದ ಅಂಶ ಗೇರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನಬಹುದು, ಆಮೇಲೆ ಗೇರ್ ಬದಲಿಸಿದಾಗಲೆಲ್ಲ ಕರ‍್ರ್.

ಹಳೇ ಕಾರು ನೋಡಲು ಹೋದಾಗ ಎಂಜಿನ್ ತಣ್ಣಗಿರುವಾಗಲೇ ಶುರು ಮಾಡಿ, ಆಮೇಲೆ ಅರ್ಧ ಗಂಟೆ ಓಡಿಸಿ. ದಪ್ಪ ಆಯಿಲ್ ಬಿಸಿಯಾಗಿ ತೆಳುವಾದಾಗ ಮುಚ್ಚಿಟ್ಟ ಸದ್ದು ಹೊರಬರುತ್ತೆ. ಮಾರುವವರು ಒಪ್ಪಿದರೆ ಗೇರ್ ಆಯಿಲ್ ಡ್ರೈನ್ ಪ್ಲಗ್ ಬಿಚ್ಚಿಸಿ ನೋಡಿ. ಅದಕ್ಕೂ ಮೊದಲು ಮೇಲಿನ ತುಂಬುವ ಪ್ಲಗ್ ಬಿಚ್ಚಿಕೊಳ್ಳುತ್ತೆ ಅಂತ ಖಚಿತ ಮಾಡಿಕೊಳ್ಳಿ. ಕೆಳಗಿನದನ್ನು ಬಿಚ್ಚಿ ಆಯಿಲ್ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಿಚ್ಚಲಾಗದೆ ಹೋದರೆ ಗಾಡಿ ಅಲ್ಲೇ. ಪ್ಲಗ್ಗಿನಲ್ಲಿ ಆಯಸ್ಕಾಂತ ಇದ್ದರೆ ಅದಕ್ಕೆ ಅಂಟಿದ್ದನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ. ಕಾಡಿಗೆಯಂತೆ ನುಣ್ಣಗಿರುವ ಬೂದು ಪೇಸ್ಟ್ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಉದುರುತ್ತಿದೆ. ಸುರಿದ ಆಯಿಲಿನಲ್ಲಿ ಚಿನ್ನದ ಹುಡಿಯಂತೆ ಹೊಳೆದರೆ ಸಿಂಕ್ರೊ ರಿಂಗ್ ಸವೆದಿದೆ. ಆಯಿಲಿನಲ್ಲಿ ಮರದ ಹೊಟ್ಟು ಕಂಡರೆ, ಸದ್ದು ಮುಚ್ಚಲು ಹಾಗೆ ತುಂಬಿಸುವ ಹಳೇ ಚಾಳಿ ಇನ್ನೂ ಇದೆ, ಆ ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ.